ಬಾರದ ಪ್ಯಾಕೆಟ್‌ಗಳ ಲೆಕ್ಕ

ಕಾಫಿ ತೋಟದೊಳಗೆ ರೇಡಿಯೋ ಸಿಗ್ನಲ್ ಎಷ್ಟು ದೂರ ಹೋಗುತ್ತದೆ? ಕೇಳೋಕೆ ಸಣ್ಣ ಪ್ರಶ್ನೆ. ಉತ್ತರ ಹುಡುಕೋಕೆ ನನಗೆ ಐದು ವರ್ಷ ಹಿಡಿಯಿತು. ಅದರಲ್ಲಿ ಒಂದೂವರೆ ವರ್ಷ ತಪ್ಪು ಉತ್ತರವನ್ನೇ ಸರಿ ಅಂದುಕೊಂಡಿದ್ದೆ. ಇಲ್ಲಿ ಆ ಒಂದೂವರೆ ವರ್ಷದ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ. ಪಿಎಚ್‌ಡಿ ಮಾಡುತ್ತಿರುವವರಿಗೆ, ಮಾಡಬೇಕು ಅಂತಿರುವವರಿಗೆ ಉಪಯೋಗಕ್ಕೆ ಬರುವುದು ಅದೇ.

ನಾನು ಹಾಸನದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. 2019ರಲ್ಲಿ ವಿಟಿಯುನಲ್ಲಿ ಪಾರ್ಟ್ ಟೈಮ್ ಪಿಎಚ್‌ಡಿಗೆ ರಿಜಿಸ್ಟರ್ ಆದೆ. ಎಂಟ್ರೆನ್ಸ್, ಇಂಟರ್‌ವ್ಯೂ, ಕೋರ್ಸ್ ವರ್ಕ್, ಕಾಂಪ್ರಹೆನ್ಸಿವ್ ವೈವಾ ಎಲ್ಲ ಒಂದಾದ ಮೇಲೆ ಒಂದು ಆದವು. ಬೆಳಗ್ಗೆ ಕ್ಲಾಸು, ಮಧ್ಯಾಹ್ನ ಲ್ಯಾಬು, ರಾತ್ರಿ ಮಗಳು ಮಲಗಿದ ಮೇಲೆ ಪುಸ್ತಕ. ಕೋರ್ಸ್ ವರ್ಕ್‌ಗೋಸ್ಕರ ಪ್ರೊಬಾಬಿಲಿಟಿಯನ್ನು ಮತ್ತೆ ಮೊದಲಿಂದ ಕಲಿತೆ. ಮುಂದೆ ನನ್ನ ಕೈ ಹಿಡಿದದ್ದು ಅದೇ.

ವಿಷಯ ಆರಿಸುವಾಗ ನಾನು 5ಜಿ ಆಂಟೆನಾಗಳ ಮೇಲೆ ಸಿಮ್ಯುಲೇಶನ್ ಮಾಡುತ್ತೇನೆ ಅಂತ ಹತ್ತು ಪುಟ ಬರೆದುಕೊಂಡು ಹೋಗಿದ್ದೆ. ಗೈಡ್ ಸರ್ ಪೂರ್ತಿ ಓದಿದರು. ಆಮೇಲೆ ಕೇಳಿದರು, “ಚೆನ್ನಾಗಿದೆ. ಆದ್ರೆ ಇದರಲ್ಲಿ ನೀನು ಅಳೆಯೋದು ಏನಮ್ಮಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿಮ್ಯುಲೇಶನ್ ಕಡಿಮೆ ಕೆಲಸ ಅಂತ ಅವರು ಹೇಳಲಿಲ್ಲ, ನಾನೂ ಹೇಳಲ್ಲ. ಆದರೆ ನಮ್ಮ ಲ್ಯಾಬಿನಲ್ಲಿ ಅದನ್ನು ಪರೀಕ್ಷೆ ಮಾಡಿ ನೋಡುವ ಉಪಕರಣ ಯಾವುದೂ ಇರಲಿಲ್ಲ. ಬೇರೆಯವರ ಅಂಕಿ ನಂಬಿಕೊಂಡೇ ಕೂರಬೇಕಿತ್ತು.

ಆ ತಿಂಗಳೇ ಮಾವನ ತೋಟಕ್ಕೆ ಹೋಗಿದ್ದೆ. ಅಮ್ಮನ ತಮ್ಮ. ಸಕಲೇಶಪುರ ದಾಟಿ ಹೆತ್ತೂರು ಕಡೆ ತೋಟ. ಫೆಬ್ರವರಿ ಕೊನೆ, ಹೂ ಮಳೆಗೆ ಎಲ್ಲರೂ ಆಕಾಶ ನೋಡುವ ಸಮಯ. ಆಗ ಒಂದು ಇಂಚು ಮಳೆ ಸರಿಯಾಗಿ ಬಿದ್ದರೆ ಎಂಟು ಹತ್ತು ದಿನದಲ್ಲಿ ತೋಟ ಬೆಳ್ಳಗಾಗುತ್ತದೆ. ಅರ್ಧಂಬರ್ಧ ಬಿದ್ದರೆ ಮೊಗ್ಗು ಕೆಡುತ್ತದೆ. ಬೀಳದೇ ಇದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ಮಾವನ ತೋಟ ಮೂರು ಇಳಿಜಾರಿನಲ್ಲಿ ಹರಡಿದೆ. ಮೇಲಿನ ಬ್ಲಾಕಿನಲ್ಲಿ ಬಿದ್ದ ಮಳೆ ಹಳ್ಳದ ಕಡೆ ಬಿದ್ದಿರುವುದಿಲ್ಲ. ಮೊಬೈಲ್ ಸಿಗ್ನಲ್ ಸಿಗುವುದು ಮನೆ ಅಂಗಳದ ಒಂದು ಮೂಲೆಯಲ್ಲಿ ಮಾತ್ರ.

“ಕೆಳಗಿನ ಬ್ಲಾಕಲ್ಲಿ ಎಷ್ಟು ಬಿತ್ತು ಅಂತ ಮನೇಲೇ ಗೊತ್ತಾಗೋ ಹಾಗೆ ಏನಾದ್ರೂ ಮಾಡೋಕಾಗುತ್ತಾ ಮಗಾ?” ಅಂತ ಮಾವ ಕೇಳಿದರು. ಅಳೆಯೋದು ಏನು ಅನ್ನುವುದಕ್ಕೆ ಉತ್ತರ ಸಿಕ್ಕಿತು.

ಇಂಥ ಕೆಲಸಕ್ಕೆ ಈಗ ಜಾಸ್ತಿ ಬಳಸುವುದು ಲೋರಾ ಅನ್ನುವ ರೇಡಿಯೋ ವಿಧಾನ. ಚಿಕ್ಕ ಮಾಹಿತಿಯನ್ನು ನಿಧಾನವಾಗಿ, ಕಡಿಮೆ ಬ್ಯಾಟರಿಯಲ್ಲಿ, ದೂರಕ್ಕೆ ಕಳಿಸುತ್ತದೆ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ಒಳಗೆ, ನಿಗದಿ ಮಾಡಿದ ಶಕ್ತಿ ಮೀರದಂತೆ ಬಳಸಿದರೆ ಲೈಸೆನ್ಸ್ ಬೇಕಿಲ್ಲ. ಇದರ ಸಿಗ್ನಲ್ ಕೆಳಗಿನ ಸ್ವರದಿಂದ ಮೇಲಿನ ಸ್ವರಕ್ಕೆ ಏರುವ ಸಿಳ್ಳೆಯ ಹಾಗೆ ಇರುತ್ತದೆ. ಸಿಳ್ಳೆ ಎಷ್ಟು ನಿಧಾನವಾಗಿ ಏರುತ್ತದೋ ಅಷ್ಟು ಗದ್ದಲದಲ್ಲೂ ಅದನ್ನು ಹಿಡಿಯಬಹುದು. 125 ಕಿಲೋಹರ್ಟ್ಸ್ ಅಗಲದಲ್ಲಿ, ಸಿಳ್ಳೆ ಎಷ್ಟು ನಿಧಾನ ಅಂತ ಹೇಳುವ ಸೆಟ್ಟಿಂಗನ್ನು (ಸ್ಪ್ರೆಡಿಂಗ್ ಫ್ಯಾಕ್ಟರ್) 7ಕ್ಕೆ ಇಟ್ಟರೆ ಒಂದು ಸಿಳ್ಳೆಗೆ 1 ಮಿಲಿಸೆಕೆಂಡ್ ಸಾಕು. 12 ಇಟ್ಟರೆ ಸುಮಾರು 33 ಮಿಲಿಸೆಕೆಂಡ್. ಆಗ 20 ಬೈಟಿನ ಸಂದೇಶ ಕಳಿಸೋಕೆ ಒಂದು ಸೆಕೆಂಡಿಗೂ ಜಾಸ್ತಿ ಬೇಕು. ಆದರೆ ಸಿಗ್ನಲ್ ಶಕ್ತಿ ಗದ್ದಲದ ನೂರರಲ್ಲಿ ಒಂದು ಪಾಲಿದ್ದರೂ ರಿಸೀವರ್ ಓದಿಬಿಡುತ್ತದೆ. ಮೊದಲ ಸಲ ಲ್ಯಾಬಿನಲ್ಲಿ ಇದನ್ನು ಕಣ್ಣಾರೆ ನೋಡಿದ ದಿನ ನನಗಾದ ಖುಷಿ ಈಗಲೂ ನೆನಪಿದೆ. ಸ್ಕ್ರೀನಿನ ಮೇಲೆ ಬರೀ ಗದ್ದಲ. ಪಕ್ಕದ ಕಿಟಕಿಯಲ್ಲಿ ಅಕ್ಷರಗಳು ಒಂದೂ ತಪ್ಪದೆ ಬರುತ್ತಿದ್ದವು.

ಇಂಥ ಮಾಡ್ಯೂಲ್‌ಗಳ ಜಾಹೀರಾತಿನಲ್ಲಿ ಎಷ್ಟೋ ಕಿಲೋಮೀಟರ್ ದೂರ ಬರೆದಿರುತ್ತಾರೆ. ಅದು ಬಯಲಿನ ಲೆಕ್ಕ. ತೋಟದಲ್ಲಿ ಬಯಲು ಎಲ್ಲಿ ಬರಬೇಕು?

ಹಾಸನದಲ್ಲಿ ಬೆಳೆದವರಿಗೆ ಸಾಲಗಾಮೆ ರಸ್ತೆಯ ಇಸ್ರೋ ಕೇಂದ್ರ ಗೊತ್ತು. 1982ರಲ್ಲಿ ಶುರುವಾದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ಅಲ್ಲಿನ ದೊಡ್ಡ ದೊಡ್ಡ ಡಿಶ್‌ಗಳು ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳ ಜೊತೆ ಮಾತಾಡುತ್ತವೆ. ಚಿಕ್ಕವಳಿದ್ದಾಗ ಅಪ್ಪನ ಸೈಕಲ್ ಮೇಲೆ ಕೂತು ಅವನ್ನು ನೋಡಿದ್ದೇನೆ. ಅಷ್ಟು ದೂರದಿಂದ ಬರುವ ಸಿಗ್ನಲ್ ಹಾಸನಕ್ಕೆ ಮುಟ್ಟುತ್ತದೆ, ನನ್ನದು ಮುನ್ನೂರು ಮೀಟರ್ ದಾಟೋಕೆ ಒದ್ದಾಡುತ್ತದೆ. ಕಾರಣ ನೇರವಾಗಿದೆ. ಉಪಗ್ರಹಕ್ಕೂ ಡಿಶ್‌ಗೂ ಮಧ್ಯೆ ಬಹುಪಾಲು ಖಾಲಿ ಜಾಗ. ಡಿಶ್ ಕೂಡ ಸಿಗ್ನಲನ್ನು ಒಂದೇ ಕಡೆ ಒಟ್ಟುಮಾಡುತ್ತದೆ. ನನ್ನ ಆಂಟೆನಾ ಒಂದು ಗೇಣಿನಷ್ಟೂ ಇಲ್ಲ. ಮುಂದೆ ಎದೆಮಟ್ಟದ ಕಾಫಿ ಗಿಡ, ಅದರ ಮೇಲೆ ಸಿಲ್ವರ್ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಒಂದು ಕಿಲೋಮೀಟರ್ ದೂರಕ್ಕೆ ಈ ತರಂಗ ಆರಾಮಾಗಿ ಹೋಗಬೇಕಾದರೆ ಮಧ್ಯದಲ್ಲಿ ದಾರಿಯ ಸುತ್ತ ಸುಮಾರು 9 ಮೀಟರ್ ಖಾಲಿ ಇರಬೇಕು. ತೋಟದಲ್ಲಿ 9 ಮೀಟರ್ ಖಾಲಿ ಜಾಗ ಅಂದರೆ ಕಾಫಿ ಒಣಗಿಸುವ ಕಣ ಒಂದೇ.

ಮರಗಿಡಗಳ ನಡುವೆ ಎಷ್ಟು ನಷ್ಟವಾಗುತ್ತದೆ ಅನ್ನುವುದಕ್ಕೆ ಹಳೆಯ ಸೂತ್ರಗಳಿವೆ. ವೈಸ್‌ಬರ್ಗರ್ ಸೂತ್ರದಲ್ಲಿ ನನ್ನ ಫ್ರೀಕ್ವೆನ್ಸಿ ಹಾಕಿದರೆ 400 ಮೀಟರ್ ಮರಗಳ ನಡುವೆ ಹೆಚ್ಚುವರಿ 43 ಡೆಸಿಬೆಲ್ ನಷ್ಟ ಬರುತ್ತದೆ. ಅಂದರೆ ಬಯಲಿನಲ್ಲಿ ಬರಬೇಕಾದ ಶಕ್ತಿಯ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ಆದರೆ ಈ ಸೂತ್ರ ಕಾಫಿ ತೋಟ ನೋಡಿ ಮಾಡಿದ್ದಲ್ಲ. ನೆರಳಿನ ಮರ, ಅದರ ಕೆಳಗೆ ಒತ್ತಾದ ಗಿಡ, ವರ್ಷಕ್ಕೊಮ್ಮೆ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು), ನಾಲ್ಕು ತಿಂಗಳು ಒದ್ದೆ. ಇಂಥ ಕಡೆ ಅಳತೆ ಬೇರೆಯಾಗಬಹುದು. ನನ್ನ ಕೆಲಸ ಶುರುವಾದದ್ದು ಅಲ್ಲಿಂದ.

ಮಧ್ಯೆ ಕೊರೊನಾ ಬಂದು ಒಂದು ವರ್ಷ ಹೋಯಿತು. ಮೊದಲ ಅಳತೆ 2021ರ ಜನವರಿಯಲ್ಲಿ. ಪಲ್ಪರ್ ಶೆಡ್ಡಿನ ಪಕ್ಕ ಎರಡು ಮೀಟರ್ ಪೈಪಿನ ಮೇಲೆ ಟ್ರಾನ್ಸ್‌ಮಿಟರ್ ನಿಲ್ಲಿಸಿದೆವು. ರಿಸೀವರ್ ನನ್ನ ಜೊತೆ. ಟೇಪು ಹಿಡಿದು 25 ಮೀಟರಿಗೊಂದು ಗುರುತು, ಒಟ್ಟು 600 ಮೀಟರ್‌ವರೆಗೆ. ಪ್ರತಿ ಗುರುತಿನಲ್ಲೂ 200 ಪ್ಯಾಕೆಟ್, ಅಂದರೆ 200 ಚಿಕ್ಕ ಸಂದೇಶ, ಎರಡು ಸೆಕೆಂಡಿಗೊಂದು. ಒಂದು ಗುರುತಿಗೆ ಏಳು ನಿಮಿಷ ಅಲುಗಾಡದೆ ನಿಲ್ಲಬೇಕು. ಮೈ ಅಡ್ಡ ಬಂದರೂ ಅಂಕಿ ಬದಲಾಗುತ್ತದೆ, ಯಾಕೆಂದರೆ ನಮ್ಮ ಮೈಯಲ್ಲಿ ಇರುವುದು ಬಹುಪಾಲು ನೀರೇ. ತೋಟದ ಲೆಕ್ಕ, ಆಳು ನೋಡಿಕೊಳ್ಳುವ ರೈಟರಣ್ಣ ಪೈಪು ಹಿಡಿದು ಪಕ್ಕಕ್ಕೆ ಚಾಚಿ ನಿಲ್ಲುತ್ತಿದ್ದರು. ಆನೆ ಬಂದಿದೆ ಅಂತ ವಾಟ್ಸಾಪ್ ಬಂದ ದಿನ ಕೆಲಸ ಇಲ್ಲ. ಹಾಗೆ ಹೋದ ದಿನಗಳೇ ಆ ತಿಂಗಳು ಒಂಬತ್ತು.

ಒಂದು ಪುಸ್ತಕ ಇಟ್ಟುಕೊಂಡಿದ್ದೆ. ಪ್ರತಿ ಗುರುತಿಗೂ ಒಂದು ಪುಟ. ಸಿಲ್ವರ್ ಎಷ್ಟು, ಹಲಸು ಎಷ್ಟು, ಗಿಡ ಎಷ್ಟು ಎತ್ತರ, ಎಲೆ ಒಣಗಿದೆಯಾ ಒದ್ದೆಯಾ, ನೆಲ ಇಳಿಜಾರಾ ಸಮವಾ. “ಇದೆಲ್ಲ ಯಾಕೆ ಮೇಡಂ, ನಂಬರ್ ಮೆಷಿನ್ ಬರ್ಕೊಳ್ಳುತ್ತಲ್ಲ?” ಅಂತ ರೈಟರಣ್ಣ ಕೇಳಿದ್ದರು. ನನಗೂ ಆಗ ಪೂರ್ತಿ ಗೊತ್ತಿರಲಿಲ್ಲ. ಸರ್ ಬರಿ ಅಂದಿದ್ದರು, ಬರೆದೆ.

ಮೊದಲ ಗ್ರಾಫ್ ತೆಗೆದುಕೊಂಡು ಹೋದಾಗ ಸರ್ ಕೇಳಿದ್ದು ಒಂದೇ ಮಾತು, “ಸರಾಸರಿ ಯಾವುದರಲ್ಲಿ ತೆಗೆದೆ?” ನಾನು ಡೆಸಿಬೆಲ್ ಅಂಕಿಗಳನ್ನೇ ಕೂಡಿಸಿ ಭಾಗಿಸಿದ್ದೆ. ಒಂದು ಪ್ಯಾಕೆಟ್ ಮೈನಸ್ 80 ಡಿಬಿಎಂ (ಸಿಗ್ನಲ್ ಶಕ್ತಿಯನ್ನು ಡೆಸಿಬೆಲ್‌ನಲ್ಲಿ ಹೇಳುವ ಅಳತೆ), ಇನ್ನೊಂದು ಮೈನಸ್ 100 ಅಂದುಕೊಳ್ಳಿ. ಹಾಗೆ ಕೂಡಿಸಿದರೆ ಸರಾಸರಿ ಮೈನಸ್ 90. ಶಕ್ತಿಗೆ ತಿರುಗಿಸಿ ಸರಾಸರಿ ತೆಗೆದರೆ ಮೈನಸ್ 83. ಎರಡಕ್ಕೂ ಅರ್ಥ ಇದೆ, ಆದರೆ ಎರಡೂ ಒಂದೇ ಅಲ್ಲ. ಯಾವುದನ್ನು ತೆಗೆದೆ ಅಂತ ಬರೆಯದೇ ಇದ್ದರೆ ಓದುವವರಿಗೆ ಏನೂ ಗೊತ್ತಾಗಲ್ಲ. ಅವತ್ತಿನಿಂದ ಪ್ರತಿ ಕಾಲಮ್ಮಿನ ತಲೆಯ ಮೇಲೂ ಅದು ಏನು ಅಂತ ಒಂದು ಸಾಲು ಬರೆಯುವುದು ಅಭ್ಯಾಸವಾಯಿತು.

ಗ್ರಾಫ್ ನೋಡೋಕೆ ಚೆನ್ನಾಗಿತ್ತು. ದೂರ ಹೋದ ಹಾಗೆ ಸಿಗ್ನಲ್ ಇಳಿಯುತ್ತ ಹೋಗಿ, 350 ಮೀಟರ್ ಆದ ಮೇಲೆ ಇಳಿಯುವುದು ನಿಂತು ಹೆಚ್ಚುಕಡಿಮೆ ಮಟ್ಟಸವಾಗುತ್ತಿತ್ತು. ಇದಕ್ಕೆ ಪುಸ್ತಕದಲ್ಲಿ ಕಾರಣವೂ ಸಿಕ್ಕಿತು. ಕಾಡಿನಲ್ಲಿ ದೂರಕ್ಕೆ ಹೋಗುವ ತರಂಗ ಮರಗಳ ನೆತ್ತಿಯವರೆಗೆ ಏರಿ, ನೆತ್ತಿಯ ಮೇಲೇ ಸವರಿಕೊಂಡು ಹೋಗಿ, ಕೊನೆಗೆ ಕೆಳಗಿಳಿಯಬಹುದು. ಅದಕ್ಕೇ ದೂರದಲ್ಲಿ ನಷ್ಟ ಅಷ್ಟು ಬೇಗ ಏರುವುದಿಲ್ಲ. ಇದು ನಿಜವಾದ, ಬಹಳ ಹಿಂದೆಯೇ ತೋರಿಸಿಕೊಟ್ಟ ವಿಷಯ. ನನ್ನ ಗ್ರಾಫಿಗೆ ಸರಿಯಾಗಿ ಕೂತಿತು. ಕೂತಿತು ಅನ್ನುವ ಕಾರಣಕ್ಕೇ ನಾನು ಮುಂದೆ ಕೇಳಲಿಲ್ಲ.

ಜುಲೈನಲ್ಲಿ, ಪುನರ್ವಸು ಮಳೆಯಲ್ಲಿ, ಅದೇ ಗುರುತುಗಳಿಗೆ ಮತ್ತೆ ಹೋದೆವು. ಕೊಡೆ ಹಿಡಿಯುವ ಹಾಗಿಲ್ಲ, ಕಡ್ಡಿಗಳು ಲೋಹದವು, ಆಂಟೆನಾ ಹತ್ತಿರ ಬಂದರೆ ಅಳತೆ ಕೆಡುತ್ತದೆ. ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು, ಕಾಲಿಗೆ ಇಂಬಳ (ಜಿಗಣೆ) ಹತ್ತದಂತೆ ಸುಣ್ಣ, ತಂಬಾಕಿನ ನೀರು ಬಳಿದುಕೊಂಡು ನಿಂತೆವು. ಪುಸ್ತಕ ಒದ್ದೆಯಾಗಬಾರದು ಅಂತ ಪ್ಲಾಸ್ಟಿಕ್ ಚೀಲದೊಳಗೇ ಕೈ ಹಾಕಿ ಪೆನ್ಸಿಲಿನಲ್ಲಿ ಬರೆದೆ. ಆ ಪುಟಗಳಲ್ಲಿ ಅಕ್ಷರ ಸೊಟ್ಟಗಿವೆ, ಆದರೆ ಎಲ್ಲ ಓದಬಹುದು. 300 ಮೀಟರಿನಲ್ಲಿ ಜನವರಿಗಿಂತ 11 ಡೆಸಿಬೆಲ್ ಕಡಿಮೆ. ಒದ್ದೆ ಎಲೆ ಅಷ್ಟೊಂದು ಸಿಗ್ನಲ್ ನುಂಗುತ್ತದೆ ಅಂತ ಬರೆದುಕೊಂಡೆ. ಒಂದು ಕಾನ್ಫರೆನ್ಸಿನಲ್ಲಿ ಆ 11 ಅನ್ನು ಹೇಳಿ ಬಂದೆ. ವರ್ಷದ ಕೊನೆಗೆ ಒಂದು ಜರ್ನಲ್‌ಗೆ ಪೇಪರ್ ಕಳಿಸಿದೆ.

ಮಾರ್ಚಿನಲ್ಲಿ ಪೇಪರ್ ವಾಪಸ್ ಬಂತು. ಒಬ್ಬ ರಿವ್ಯೂವರ್ ಎರಡು ಪುಟ ಬರೆದಿದ್ದರು. ಇನ್ನೊಬ್ಬರದು ಒಂದೇ ಪ್ರಶ್ನೆ. ಪ್ರತಿ ದೂರದಲ್ಲೂ ಎಷ್ಟು ಪ್ಯಾಕೆಟ್ ಕಳಿಸಿದಿರಿ, ಎಷ್ಟು ಬಂದವು?

ಕಳಿಸಿದ್ದು 200. ಬಂದದ್ದು ಎಷ್ಟು ಅಂತ ನಾನು ಎಣಿಸಿರಲೇ ಇಲ್ಲ. ಪ್ರತಿ ಪ್ಯಾಕೆಟ್ಟಿನಲ್ಲೂ ಕ್ರಮಸಂಖ್ಯೆ ಇತ್ತು, ಎಣಿಸೋಕೆ ಹತ್ತು ನಿಮಿಷ ಸಾಕಿತ್ತು. ಅವತ್ತು ರಾತ್ರಿ ಎಣಿಸಿದೆ. 200 ಮೀಟರಿನಲ್ಲಿ 198. 350ರಲ್ಲಿ 140. 500ರಲ್ಲಿ 31.

31 ಅನ್ನು ನೋಡಿ ತುಂಬ ಹೊತ್ತು ಕೂತೆ. 200ರಲ್ಲಿ 169 ಬಂದೇ ಇಲ್ಲ. ಬಂದ 31 ಎಂಥವು? ಗಾಳಿಗೆ ಎಲೆ ಸರಿದಾಗ, ದಾರಿ ಒಂದು ಕ್ಷಣ ತೆರೆದಾಗ, ಹೇಗೋ ಜೋರಾಗಿ ಬಂದವು. ಕ್ಷೀಣವಾದವು ರಿಸೀವರಿಗೆ ಕೇಳಿಸಲೇ ಇಲ್ಲ. ಕೇಳಿಸದ್ದಕ್ಕೆ ಅಂಕಿ ಇಲ್ಲ. ಅಂಕಿ ಇಲ್ಲದ್ದು ನನ್ನ ಸರಾಸರಿಗೆ ಬರಲಿಲ್ಲ. ಜೋರಾಗಿದ್ದವರ ಸರಾಸರಿಯನ್ನೇ ಎಲ್ಲರ ಸರಾಸರಿ ಅಂತ ಬರೆದಿದ್ದೆ. ದೂರದಲ್ಲಿ ಗ್ರಾಫ್ ಮಟ್ಟಸವಾದದ್ದಕ್ಕೆ ಮರದ ನೆತ್ತಿಯ ತರಂಗ ಕಾರಣ ಅಲ್ಲ. ಆ ಮಟ್ಟಕ್ಕಿಂತ ಕೆಳಗೆ ನನ್ನ ಯಂತ್ರಕ್ಕೆ ಕಿವಿ ಇರಲಿಲ್ಲ, ಅಷ್ಟೇ.

ಇನ್ನೊಂದು ಕಾರಣವೂ ಸೇರಿತ್ತು. ನಿಧಾನದ ಸ್ಪ್ರೆಡಿಂಗ್ ಫ್ಯಾಕ್ಟರಿನಲ್ಲಿ ಸಿಗ್ನಲ್ ಗದ್ದಲಕ್ಕಿಂತ ಕೆಳಗಿದ್ದರೂ ಓದಬಹುದು ಅಂದೆನಲ್ಲ, ಆಗ ಚಿಪ್ ತೋರಿಸುವ ಶಕ್ತಿಯ ಅಂಕಿಯಲ್ಲಿ ಗದ್ದಲದ ಶಕ್ತಿಯೂ ಇರುತ್ತದೆ. ಸಿಗ್ನಲ್ ಎಷ್ಟೇ ಇಳಿದರೂ ಅಂಕಿ ಮೈನಸ್ 117 ಡಿಬಿಎಂ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಸಿಗ್ನಲ್‌ಗೂ ಗದ್ದಲಕ್ಕೂ ಇರುವ ಅಂತರವನ್ನು ಬೇರೆ ಓದಿ, ಅದನ್ನು ಸೇರಿಸಿ ಸರಿಮಾಡಬೇಕು. ಇದು ಚಿಪ್ಪಿನ ಡೇಟಾಶೀಟಿನಲ್ಲೇ ಇದೆ. ಲೋರಾದಲ್ಲಿ ಕೆಲಸ ಮಾಡುವವರು ಆ ಪುಟವನ್ನು ಮೊದಲೇ ಓದಿ.

ತಪ್ಪು ಗೊತ್ತಾಯಿತು. ಸರಿ ಮಾಡುವುದು ಹೇಗೆ? ದೂರದ ಗುರುತುಗಳನ್ನು ಬಿಟ್ಟುಬಿಡೋಣ ಅಂತ ಮೊದಲು ಅನ್ನಿಸಿತು. ಆದರೆ ತೋಟದವರಿಗೆ ಬೇಕಿರುವುದೇ ದೂರದ ಲೆಕ್ಕ. ಬಾರದವನ್ನು ಸೊನ್ನೆ ಅಂತ ಹಾಕುವುದೂ ತಪ್ಪು, ಸಿಗ್ನಲ್ ಸೊನ್ನೆ ಇರಲಿಲ್ಲ. ಹದಿನೈದು ದಿನ ಹೀಗೇ ಹೋಯಿತು.

ಯುಗಾದಿಗೆ ಮಾವನ ಮನೆಗೆ ಹೋದಾಗ ಮಳೆ ಲೆಕ್ಕದ ಡೈರಿಗಳನ್ನು ಕೇಳಿ ಪಡೆದೆ. ಬೇರೆ ಕಾರಣಕ್ಕೆ, ಯಾವ ವಾರ ಎಷ್ಟು ಮಳೆ ಅಂತ ಥೀಸಿಸ್‌ಗೆ ಬೇಕಿತ್ತು. ನಮ್ಮ ಕಡೆ ತೋಟದವರು ಮಳೆಯನ್ನು ಇಂಚು, ಸೆಂಟ್‌ನಲ್ಲೇ ಬರೆಯುತ್ತಾರೆ. ನೂರು ಸೆಂಟ್ ಸೇರಿದರೆ ಒಂದು ಇಂಚು. ಬೆಳಗ್ಗೆ ಕಾಫಿ ಕುಡಿದು, ಅಳತೆ ಗ್ಲಾಸ್ ಹಿಡಿದು ಹೋಗಿ ನೋಡಿ ಬಂದು ಬರೆಯುವುದು. ಮಾವನ ಡೈರಿಯಲ್ಲಿ ಮಳೆ ಇಲ್ಲದ ದಿನ 0. ಊರಿಗೆ ಹೋಗಿದ್ದ ದಿನ “ನೋಡಿಲ್ಲ.” ಎರಡೂ ಬೇರೆ ಬೇರೆ. 2018ರ ಆಗಸ್ಟ್ ಪುಟ ತೆರೆದೆ. ಶಿರಾಡಿ ಘಾಟಿ ಕುಸಿದು ರಸ್ತೆ ಬಂದಾದ ಆ ತಿಂಗಳು. ಒಂದು ದಿನದ ಮುಂದೆ ಹೀಗೆ ಬರೆದಿತ್ತು: “ಬಾಟ್ಲಿ ತುಂಬಿ ಚೆಲ್ಲಿದೆ. 5ಕ್ಕೆ ಮೇಲೆ.”

“ಇದೇನ್ ಮಾವ, 5 ಅಂತ ಬರೀಬಹುದಿತ್ತಲ್ಲ?”

“5 ಅಂತ ಹೆಂಗೆ ಬರೀತೀಯ ಮಗಾ? ಚೆಲ್ಲಿ ಹೋಗಿತ್ತಲ್ಲ. 5ಕ್ಕಿಂತ ಜಾಸ್ತಿ ಬಿದ್ದಿದೆ ಅಂತ ಗೊತ್ತು. ಎಷ್ಟು ಜಾಸ್ತಿ ಅಂತ ಗೊತ್ತಿಲ್ಲ. ಗೊತ್ತಿರೋದಷ್ಟೇ ಬರ್ದಿದೀನಿ.”

ನನ್ನ ಬಾರದ ಪ್ಯಾಕೆಟ್ಟೂ ಅದೇ ಜಾತಿಯದು. ಎಷ್ಟು ಅಂತ ಗೊತ್ತಿಲ್ಲ. ಆದರೆ ರಿಸೀವರಿನ ಮಿತಿಗಿಂತ ಕೆಳಗಿತ್ತು ಅಂತ ಗೊತ್ತು. ಅದೂ ಒಂದು ಮಾಹಿತಿಯೇ. ಕೋರ್ಸ್ ವರ್ಕಿನ ಪ್ರೊಬಾಬಿಲಿಟಿ ಇಲ್ಲಿ ಉಪಯೋಗಕ್ಕೆ ಬಂತು. ಬಂದ ಪ್ರತಿ ಪ್ಯಾಕೆಟ್ಟಿಗೆ, ಇಷ್ಟೇ ಶಕ್ತಿ ಬರುವ ಸಂಭವ ಎಷ್ಟು ಅಂತ ಹಾಕುವುದು. ಬಾರದ ಪ್ರತಿ ಪ್ಯಾಕೆಟ್ಟಿಗೆ, ಶಕ್ತಿ ಮಿತಿಗಿಂತ ಕೆಳಗೆ ಬೀಳುವ ಸಂಭವ ಎಷ್ಟು ಅಂತ ಹಾಕುವುದು. ಎಲ್ಲವನ್ನೂ ಗುಣಿಸಿ, ಆ ಗುಣಲಬ್ಧ ಅತಿ ದೊಡ್ಡದಾಗುವ ಹಾಗೆ ಗೆರೆ ಹುಡುಕುವುದು. ಹುಡುಕುತ್ತ ಹೋದರೆ ಇದಕ್ಕೆ ಹೆಸರೂ ಇತ್ತು. 1958ರಲ್ಲಿ ಜೇಮ್ಸ್ ಟೋಬಿನ್ ಅನ್ನುವ ಅರ್ಥಶಾಸ್ತ್ರಜ್ಞ, ಮನೆಗಳು ಬಾಳಿಕೆ ಬರುವ ಸಾಮಾನಿಗೆ ಮಾಡುವ ಖರ್ಚಿನ ಲೆಕ್ಕಕ್ಕೆ ಇದೇ ದಾರಿ ಹಿಡಿದಿದ್ದರು. ಏನೂ ಕೊಳ್ಳದ ಮನೆಗಳನ್ನು ಲೆಕ್ಕದಿಂದ ಬಿಡಬಾರದಲ್ಲ, ಹಾಗೆ. ರೇಡಿಯೋ ಅಳತೆಯಲ್ಲೂ ಕೆಲವರು ಇದನ್ನು ಬಳಸಿದ್ದಾರೆ ಅಂತ ಆಮೇಲೆ ಸಿಕ್ಕಿತು. ನಾನು ಓದಬೇಕಾದದ್ದನ್ನು ಬೇರೆ ಹೆಸರಿನಲ್ಲಿ ಹುಡುಕುತ್ತಿದ್ದೆ.

ಹೊಸ ಗೆರೆ 350 ಮೀಟರಿನ ಆಚೆಗೂ ಇಳಿಯುತ್ತಲೇ ಹೋಯಿತು. ಮಟ್ಟಸ ಅನ್ನುವುದು ಪೂರ್ತಿ ಮಾಯ. ಪೇಪರಿನ ಮೂರು ಪುಟ ತೆಗೆದುಹಾಕಿದೆ.

ಇಷ್ಟಾದ ಮೇಲೆ ನನಗೆ 11ರ ಮೇಲೂ ಅನುಮಾನ ಬಂತು. ಸರ್ ಹತ್ತಿರ ಹೇಳಿದೆ. ಅವರು ಯೋಚನೆ ಮಾಡಿ, “ಈ ಮಳೆಗಾಲದಲ್ಲಿ ಗಿಡ ಮರ ಇಲ್ಲದ ಕಡೆ ಒಂದು ಲಿಂಕ್ ಹಾಕು. ಅಲ್ಲಿ ಏನಾಗುತ್ತೆ ನೋಡು” ಅಂದರು. ಮಾವನಿಗೆ ಇದು ವಿಚಿತ್ರ ಅನ್ನಿಸಿತು. “ಮಳೆ ಬಂದ್ರೆ ಡಿಶ್ಶೇ ಹೋಗುತ್ತೆ, ನಿಂದು ಹೋಗದೆ ಇರುತ್ತಾ?” ಡಿಶ್ ಟಿವಿಯ ಸಿಗ್ನಲ್ 10 ಗಿಗಾಹರ್ಟ್ಸಿಗೂ ಮೇಲೆ, ಅದರ ಅಲೆ ಎರಡೂವರೆ ಸೆಂಟಿಮೀಟರ್ ಆಸುಪಾಸು. ಮಳೆಹನಿ ಅದಕ್ಕೆ ದೊಡ್ಡದೇ. ನನ್ನ ಅಲೆ ಸುಮಾರು 35 ಸೆಂಟಿಮೀಟರ್. ಬೀಳುವ ಮಳೆಯಿಂದ ಅದಕ್ಕೆ ಆಗುವ ನಷ್ಟ ಲೆಕ್ಕಕ್ಕೇ ಇಲ್ಲ. ಹಾಗಾಗಿ ಬಯಲಿನಲ್ಲಿ ಮಳೆ ಬಂದರೂ ಅಂಕಿ ಹೆಚ್ಚುಕಡಿಮೆ ಅಷ್ಟೇ ಇರಬೇಕು.

2022ರ ಜುಲೈ. ಹಳ್ಳದ ಆಚೆ ಪಾಳು ಬಿದ್ದ ಗದ್ದೆಯಲ್ಲಿ 150 ಮೀಟರ್ ಅಂತರದಲ್ಲಿ ಎರಡು ಪೈಪ್ ನೆಟ್ಟೆವು. ಮೊದಲ ದಿನ ಹೊಳವು. ಅಂಕಿ ಸ್ಥಿರವಾಗಿತ್ತು. ಎರಡನೇ ದಿನ ಬೆಳಗ್ಗಿನಿಂದ ಜಡಿಮಳೆ. ಮಧ್ಯಾಹ್ನಕ್ಕೆ 6 ಡೆಸಿಬೆಲ್ ಕೆಳಗೆ. ಸಂಜೆಗೆ 7. ಎದುರಿಗೆ ಒಂದು ಎಲೆಯೂ ಇಲ್ಲ.

ಮಳೆಯಲ್ಲೇ ಪೆಟ್ಟಿಗೆ ಬಿಚ್ಚಿದೆ. ಆಂಟೆನಾ ಸೇರುವ ಕನೆಕ್ಟರಿನ ಕೆಳಗೆ ಸುತ್ತಿದ್ದ ಟೇಪ್ ಎದ್ದಿತ್ತು. ಕನೆಕ್ಟರ್ ತಿರುಗಿಸಿ ತೆಗೆದರೆ ಒಳಗಿನಿಂದ ಒಂದು ಹನಿ ಬೆರಳ ಮೇಲೆ ಬಿತ್ತು. ಮಧ್ಯದ ಪಿನ್ನಿನ ಸುತ್ತ ಹಸಿರು ಕಿಲುಬು. ಕೇಬಲ್ಲಿನ ಜಾಲರಿಯೊಳಗೆ ನೀರು ಬತ್ತಿಯ ಹಾಗೆ ಏರಿತ್ತು. ನೀರು ಸೇರಿದ ಜಾಗದಲ್ಲಿ ಸಿಗ್ನಲ್ ಮುಂದೆ ಹೋಗದೆ ಅರ್ಧಕ್ಕರ್ಧ ವಾಪಸ್ ತಿರುಗುತ್ತದೆ, ಉಳಿದದ್ದರಲ್ಲೂ ಒಂದಿಷ್ಟು ಅಲ್ಲೇ ಬಿಸಿಯಾಗಿ ಹೋಗುತ್ತದೆ. ಲ್ಯಾಬಿಗೆ ತಂದು, ಕೇಬಲ್ಲಿನಲ್ಲಿ ಸಿಗ್ನಲ್ ಎಷ್ಟು ವಾಪಸ್ ತಿರುಗುತ್ತದೆ ಅಂತ ಅಳೆಯುವ ನ್ಯಾನೋವಿಎನ್‌ಎಗೆ ಹಾಕಿ ನೋಡಿದೆ. ಒಣ ಕೇಬಲ್ ಒಂದು ರೀತಿ, ಇದು ಇನ್ನೊಂದೇ ರೀತಿ. ಹಿಂದಿನ ವರ್ಷ ಬಳಸಿದ್ದೂ ಇದೇ ಕೇಬಲ್. 11 ಡೆಸಿಬೆಲ್ಲಿನಲ್ಲಿ ಎಲೆಯ ಪಾಲು ಎಷ್ಟು, ಈ ಹನಿಯ ಪಾಲು ಎಷ್ಟು ಅಂತ ಬೇರೆ ಮಾಡಲು ಇನ್ನು ಆಗುವುದಿಲ್ಲ. ಆ ಇಡೀ ಮಳೆಗಾಲದ ಅಳತೆಯನ್ನು ಬಿಡಬೇಕಾಯಿತು.

ಅವತ್ತು ರಾತ್ರಿ ಹಾಸನಕ್ಕೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಕೆಇಬಿಯಲ್ಲಿ ಲೈನ್‌ಮ್ಯಾನ್ ಆಗಿದ್ದವರು. ಕೇಬಲ್ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. “ವೈರು ಮೇಲಿಂದ ನೇರ ಪೆಟ್ಟಿಗೆಗೆ ಬಂದಿದೆಯಲ್ಲೇ. ನೀರು ಎಲ್ಲಿಗೆ ಹೋಗಬೇಕು? ಪೆಟ್ಟಿಗೆ ಕೆಳಗೆ ಒಂದು ಸುತ್ತು ಇಳಿಸಿ ಆಮೇಲೆ ಮೇಲಕ್ಕೆ ಹತ್ತಿಸು. ನೀರು ಕೆಳಗೇ ತೊಟ್ಟಿಕ್ಕಿ ಹೋಗುತ್ತೆ.” ಮನೆಗೆ ಸರ್ವಿಸ್ ವೈರ್ ಎಳೆಯುವಾಗ ಅವರು ವರ್ಷಗಟ್ಟಲೆ ಮಾಡಿದ ಕೆಲಸ. ಪ್ರತಿ ಮನೆಯ ಮೀಟರ್ ಬೋರ್ಡಿನ ಹತ್ತಿರ ನಾನು ಆ ಬಾಗು ನೋಡಿದ್ದೇನೆ, ಯಾಕೆ ಅಂತ ಯಾವತ್ತೂ ಕೇಳಿರಲಿಲ್ಲ. ಆ ವಾರ ಎಲ್ಲ ಕೇಬಲ್ ಬದಲಾಯಿಸಿ, ಒಂದಕ್ಕೊಂದು ಬೆಸೆದುಕೊಳ್ಳುವ ರಬ್ಬರ್ ಟೇಪ್ ಎಳೆದು ಸುತ್ತಿ, ಅಪ್ಪ ಹೇಳಿದ ಹಾಗೆ ಸುತ್ತು ಇಳಿಸಿದೆ. ಗದ್ದೆಯ ಲಿಂಕ್ ಮೂರು ದಿನ ಮಳೆಯಲ್ಲಿ ಒಂದು ಡೆಸಿಬೆಲ್ ಕೂಡ ಅಲುಗಲಿಲ್ಲ. ಆಮೇಲೆಯೇ ತೋಟಕ್ಕೆ ಇಳಿದದ್ದು.

ಮುಂದಿನ ಡಾಕ್ಟರಲ್ ಕಮಿಟಿ ಮೀಟಿಂಗಿನಲ್ಲಿ ಮೊದಲ ಸ್ಲೈಡಿನಲ್ಲೇ ಹೇಳಿದೆ, ಕಾನ್ಫರೆನ್ಸಿನಲ್ಲಿ ಹೇಳಿದ 11 ಡೆಸಿಬೆಲ್ ತಪ್ಪು, ಕಾರಣ ಇದು ಅಂತ. ಕೈ ನಡುಗುತ್ತಿತ್ತು. ಕಮಿಟಿಯಲ್ಲಿ ಒಬ್ಬರು ಕನೆಕ್ಟರ್ ತೋರಿಸಿ ಅಂದರು. ಜೇಬಿನಲ್ಲೇ ಇತ್ತು. ಒಬ್ಬರಿಂದ ಒಬ್ಬರಿಗೆ ಕೊಟ್ಟು ಎಲ್ಲರೂ ನೋಡಿದರು. ಕಾನ್ಫರೆನ್ಸಿನವರಿಗೂ ಪತ್ರ ಬರೆದೆ. ಕೊನೆಗೆ ಕನೆಕ್ಟರ್ ತಪ್ಪನ್ನು ತೆಗೆದು, ಬಾರದ ಪ್ಯಾಕೆಟ್ಟನ್ನು ಲೆಕ್ಕಕ್ಕೆ ಸೇರಿಸಿ, 300 ಮೀಟರಿನಲ್ಲಿ ಒದ್ದೆ ಎಲೆಯಿಂದ ಬಂದ ನಷ್ಟ 6 ಡೆಸಿಬೆಲ್ ಹತ್ತಿರ. ಅದು ಆ ತೋಟದ, ಆ ಮರಗಳ, ಎರಡು ಮೀಟರ್ ಎತ್ತರದ ಆಂಟೆನಾದ ಲೆಕ್ಕ. ಪಕ್ಕದ ತೋಟದಲ್ಲಿ ಬೇರೆ ಇರಬಹುದು. ಮರಗಸಿ ಆದ ಮೇಲೆ ಅದೇ ತೋಟದಲ್ಲೂ ಬೇರೆ ಇರುತ್ತದೆ, ಅದನ್ನು ಅಳೆದು ಒಂದು ಅಧ್ಯಾಯ ಬರೆದಿದ್ದೇನೆ. ಜನವರಿಯಿಂದ ಬರೆದಿಟ್ಟ ಪುಸ್ತಕ ಇಲ್ಲದಿದ್ದರೆ ಆ ಅಧ್ಯಾಯ ಇಲ್ಲ. ಯಾವ ಗುರುತಿನ ಪಕ್ಕ ಎಷ್ಟು ಕೊಂಬೆ ಹೋಯಿತು ಅಂತ ಹೇಳೋಕೆ ಮೊದಲು ಎಷ್ಟಿತ್ತು ಅಂತ ಗೊತ್ತಿರಬೇಕಲ್ವಾ?

ಸಿನಾಪ್ಸಿಸ್, ಥೀಸಿಸ್, ಪರೀಕ್ಷಕರ ವರದಿ ಎಲ್ಲ ಮುಗಿದು 2024ರಲ್ಲಿ ವೈವಾ ಆಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಒಂದು ಟೇಬಲ್ ತೋರಿಸಿ, “ಈ ಕಾಲಮ್ ಏನು?” ಅಂತ ಕೇಳಿದರು. ಬಾರದವು ಎಷ್ಟು ಅನ್ನುವ ಕಾಲಮ್. ಅರ್ಧ ಗಂಟೆ ಅದರ ಮೇಲೇ ಮಾತಾಯಿತು. ಹಿಂದಿನ ಸಾಲಿನಲ್ಲಿ ಅಪ್ಪ, ಮಾವ ಕೂತಿದ್ದರು. ಇಂಗ್ಲಿಷಿನ ಮಾತು ಎಲ್ಲ ಅವರಿಗೆ ಗೊತ್ತಾಗಲಿಲ್ಲ. ಡೈರಿಯ ಪುಟದ ಫೋಟೋ ಸ್ಕ್ರೀನಿನ ಮೇಲೆ ಬಂದಾಗ ಮಾವ ಮುಂದಕ್ಕೆ ಬಗ್ಗಿ ನೋಡಿದರು.

ಕೆಳಗಿನ ಬ್ಲಾಕಿನಲ್ಲಿ ಈಗ ಒಂದು ಮಳೆಮಾಪಕ ಇದೆ. ಹತ್ತು ನಿಮಿಷಕ್ಕೊಮ್ಮೆ ಕಳಿಸುತ್ತದೆ. ಮಧ್ಯದಲ್ಲಿ ಗುಡ್ಡದ ಮೇಲೆ, ಮರಕ್ಕಿಂತ ಎತ್ತರಕ್ಕೆ ಒಂದು ಆಂಟೆನಾ ಹಾಕಿದ್ದೇವೆ, ಹಾಗಾಗಿ ಒದ್ದೆ ದಿನಗಳಲ್ಲೂ ಬರುತ್ತದೆ. ಬಾರದಿದ್ದರೆ ಮನೆಯ ಸ್ಕ್ರೀನಿನಲ್ಲಿ ಸೊನ್ನೆ ತೋರಿಸುವುದಿಲ್ಲ, “ಬಂದಿಲ್ಲ” ಅಂತ ತೋರಿಸುತ್ತದೆ. ಮಾವ ಬೆಳಗ್ಗೆ ಗ್ಲಾಸ್ ಹಿಡಿದು ಹೋಗುವುದನ್ನು ಬಿಟ್ಟಿಲ್ಲ. ಡೈರಿಯಲ್ಲಿ ಎರಡೂ ಬರೆಯುತ್ತಾರೆ. ಹೋದ ವಾರದ್ದು ಓದಿ ಹೇಳಿದರು: “ಮೆಷಿನ್ 1 ಇಂಚು 12 ಸೆಂಟ್. ನಂದು 1 ಇಂಚು 30.” ಹದಿನೆಂಟು ಸೆಂಟ್ ವ್ಯತ್ಯಾಸ ಜಾಸ್ತಿಯಾಯಿತು. ಮಾಪಕದ ಬಾಯಿಗೆ ಸಿಲ್ವರ್ ಎಲೆ ಸಿಕ್ಕಿಕೊಂಡಿರಬೇಕು. ಭಾನುವಾರ ಹೋಗಿ ನೋಡುತ್ತೇನೆ.